ಮೇಲಿನ ಮನೆಯ ನಿಲ್ಲದ ಬಿಸಿ

೧೯೯೬ರ ಜನವರಿ ಹದಿನೇಳು, ಬುಧವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ರಿಪೇರಿ ಕೆಲಸದ ಉರ್ಬಾನು ರಪೋಜು ಫಾಲ್ ರಿವರ್ ಊರಿನ ಒಂದು ಹಳೆಯ ಮನೆಯ ನೆಲಮಾಳಿಗೆಯಲ್ಲಿ, ಇಡೀ ಮನೆಗೆ ಬಿಸಿ ಕೊಡುವ ಬಾಯ್ಲರ್ ಮುಂದೆ ಮಂಡಿಯೂರಿ, ಅದಕ್ಕೆ ಕಟ್ಟಿದ್ದ ಚೀಟಿಯನ್ನು ಓದುತ್ತಿದ್ದ. ಚೀಟಿಯಲ್ಲಿದ್ದುದು ಅವನದೇ ಕೈಬರಹ.

ಡಿಸೆಂಬರ್ ೧೨. ಮೇಲಿನ ಮನೆಯ ಬಿಸಿ ನಿಲ್ಲುತ್ತಿಲ್ಲ ಎಂದು ದೂರು. ಥರ್ಮೋಸ್ಟಾಟ್ ಬದಲಿಸಿದೆ.

ಜನವರಿ ೨. ಅದೇ ದೂರು. ವಾಲ್ವಿನ ಮೋಟಾರು ಬದಲಿಸಿದೆ. ಕೆಳಗೆ ತೊಂದರೆ ಇಲ್ಲ.

ಕೊನೆಯ ಮೂರು ಪದಗಳನ್ನು ಅವನು ಎರಡು ಸಲ ಓದಿದ. ಐವತ್ತೆಂಟು ವರ್ಷದ ಅವನಿಗೆ ಈಗ ಮಂಡಿಯೂರುವುದೆಂದರೆ ಎರಡು ಹಂತದ ಕೆಲಸ: ಮೊದಲು ಬಲಗೈ ಗೋಡೆಗೆ, ಆಮೇಲೆ ಎಡಮಂಡಿ ನೆಲಕ್ಕೆ. ಏಳುವುದಕ್ಕೆ ಮೂರು ಹಂತ. ಮೂವತ್ತೊಂದು ಚಳಿಗಾಲ ಈ ಊರಿನ ನೆಲಮಾಳಿಗೆಗಳಲ್ಲೇ ಕಳೆದಿದ್ದವು. ಇನ್ನೆರಡು ಕಳೆದರೆ ಸಾಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದ.

"ಏನ್ ಸೆನ್ಯೋರ್ ಉರ್ಬಾನು, ಪಾದ್ರಿ ಮುಂದೆ ಕೂತ ಹಾಗೆ ಕೂತಿದೀರಿ?" ಮೆಟ್ಟಿಲ ಮೇಲಿಂದ ಮನೆಯೊಡತಿ ಝುಲ್ಮಿರಾ ಕೇಳಿದಳು. "ಆ ಮೆಷಿನ್ನು ಯಾವ ಪಾಪಾನೂ ಮಾಡಿಲ್ಲ, ಬಿಡಿ. ಪಾಪ ಮಾಡಿದೋರು ಮೇಲ್ಗಡೆ ಇದಾರೆ."

ಆಕೆ ಕೋಟು ಹಾಕಿಕೊಂಡೇ ಇದ್ದಳು. ಒಳಗೆ, ಅವಳದೇ ಮನೆಯಲ್ಲಿ. ಬಾಯ್ಲರಿಗೆ ತಾನೇ ಕೊಳ್ಳುವ ಎಣ್ಣೆ ಉಳಿಯಲೆಂದು ತನ್ನ ಕೆಳಮನೆಯ ಬಿಸಿಯನ್ನು ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ, ದಿನವೆಲ್ಲ ನೆಲಮಾಳಿಗೆಯ ಅಡುಗೆಮನೆಯಲ್ಲೇ ಇರುತ್ತಿದ್ದಳು. ಆ ಬೀದಿಯ ಎಲ್ಲ ಮನೆಗಳಂತೆ ಅಲ್ಲಿಯೂ ಅಡುಗೆಮನೆ ಎರಡು. ಕೆಳಮನೆಯದು ನೋಡುವುದಕ್ಕೆ, ನೆಲಮಾಳಿಗೆಯದು ಬದುಕುವುದಕ್ಕೆ. ಒಲೆ, ಉದ್ದನೆಯ ಮೇಜು, ಉಪ್ಪು ಹಾಕಿದ ಮೀನಿನ ಡಬ್ಬಿ, ಹೋದ ವರ್ಷ ಮಾರ್ಚಿನಲ್ಲಿ ತೀರಿಕೊಂಡ ಗಂಡ ಜೆರೆಮಿಯಾಸನ ಫೋಟೊ, ಎಲ್ಲ ಅಲ್ಲಿ. ಗೋಡೆ, ತೊಲೆ, ಕೊಳವೆಗಳ ಹೊದಿಕೆಯವರೆಗೆ ಎಲ್ಲವೂ ಬಿಳಿ ಬಣ್ಣ. ಜೆರೆಮಿಯಾಸ್ ಎರಡು ವರ್ಷಕ್ಕೊಮ್ಮೆ ಈಸ್ಟರಿಗೆ ಮುಂಚೆ ತಪ್ಪದೆ ಬಳಿಯುತ್ತಿದ್ದ.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದವಳು ಒಡೆಟ್, ಜೆರೆಮಿಯಾಸನ ತಮ್ಮನ ಮಗಳು. ಜೊತೆಗೆ ಗಂಡ, ಐದು ತಿಂಗಳ ಹೆಣ್ಣುಮಗು. ಝುಲ್ಮಿರಾ ಅವಳಿಗೆ ದೊಡ್ಡಮ್ಮ. ತಮ್ಮ ಮಾತಿನಲ್ಲಿ "ತಿಯಾ" ಎಂದು ಕರೆಯುತ್ತಿದ್ದಳು. ಆ ಮನೆಯ ಬಿಸಿ ಅರವತ್ತೆಂಟು ಡಿಗ್ರಿಗೆ ನಿಲ್ಲಬೇಕಿತ್ತು. ನಿಲ್ಲದೆ ಎಂಬತ್ನಾಲ್ಕು ಮುಟ್ಟುತ್ತಿತ್ತು. ಹೊರಗೆ ಮೊಣಕಾಲುದ್ದ ಹಿಮ, ಮೇಲೆ ಕಿಟಕಿಗಳು ಪೂರ್ತಿ ತೆರೆದಿವೆ. ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತು ಆ ತೆರೆದ ಕಿಟಕಿಗಳನ್ನು ನೋಡುವವಳ ಹೊಟ್ಟೆ ಹೇಗೆ ಉರಿಯುತ್ತದೆಂದು ಉರ್ಬಾನುಗೆ ಅರ್ಥವಾಗುತ್ತಿತ್ತು.

ಆದರೆ ಆ ಉರಿಗೆ ಎಣ್ಣೆ ಹೊಯ್ದವನು ತಾನೇ ಎಂಬುದೂ ಗೊತ್ತಿತ್ತು.

ಜನವರಿ ಎರಡರಂದು ಅವನು ಇಲ್ಲಿಗೆ ಬಂದದ್ದು ಆ ದಿನದ ಆರನೆಯ ಮನೆಯಾಗಿ. ಹಿಮ ತೆಗೆಯುವ ಗಾಡಿಗಳಿಗೆ ದಾರಿ ಬಿಡಲು ವ್ಯಾನನ್ನು ಎರಡು ಬೀದಿ ಆಚೆ ನಿಲ್ಲಿಸಿದ್ದ. ತಂತಿ ಪರೀಕ್ಷಿಸುವ ಮೀಟರ್ ವ್ಯಾನಿನಲ್ಲೇ ಉಳಿದಿತ್ತು. ಅವನು ಬಂದಾಗ ಬಾಯ್ಲರ್ ಸರಿಯಾಗೇ ನಡೆಯುತ್ತಿತ್ತು, ಮೇಲಿನ ಮನೆ ತಣ್ಣಗಾಗಿತ್ತು. ಚೀಲದಲ್ಲಿ ಇದ್ದ ಹೊಸ ಮೋಟಾರು ಹಾಕಿ, ಚೀಟಿ ಬರೆದು ಮೇಲೆದ್ದ. ಆಗ ಝುಲ್ಮಿರಾ ಕೇಳಿದ್ದಳು: "ಮತ್ತೆ ಬಿಸಿ ಆದ್ರೆ?"

"ಆದ್ರೆ ತಪ್ಪು ಇಲ್ಲಿಲ್ಲ, ದೋನಾ ಝುಲ್ಮಿರಾ. ಮೇಲೆ ಯಾರೋ ಕೈಯಾಡಿಸ್ತಿದಾರೆ ಅಂತ."

"ಎಷ್ಟು ಖಾತ್ರಿ? ನೂರಕ್ಕೆ ಎಷ್ಟು?"

ಅವನು ಒಂದು ಅಂಕಿ ಹೇಳಿದ್ದ. ಹೇಳಿ ಹೊರಟುಹೋಗಿದ್ದ. ಅದು ಎರಡು ವಾರದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಮಾರನೆಯ ದಿನವೇ ಝುಲ್ಮಿರಾ ಮೇಲಿನ ಗೋಡೆಯಲ್ಲಿದ್ದ, ಬಿಸಿ ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟಿಗೆ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಹಾಕಿಸಿ ಬೀಗ ಜಡಿದಳು. ಬೀಗದ ಕೈ ಕೊರಳ ಸರದಲ್ಲಿ, ಸಂತನ ಪದಕದ ಪಕ್ಕದಲ್ಲಿ. ಹತ್ತು ದಿನ ಎಲ್ಲ ಸರಿ ಇತ್ತು. ಆಮೇಲೆ ಬೀಗ ಇದ್ದೂ ಮೇಲಿನ ಮನೆ ಕುದಿಯಿತು. ಸೋಮವಾರ ಆಕೆ ಒಡೆಟ್ ಕೈಗೆ ಒಂದು ಕಾಗದ ಕೊಟ್ಟಳು: ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು. ಇದನ್ನೆಲ್ಲ ನಿನ್ನೆ ಉರ್ಬಾನುಗೆ ಫೋನಿನಲ್ಲಿ ಹೇಳಿದ್ದು ಒಡೆಟ್. ಬೈಯಲಿಲ್ಲ. "ನೀವು ಇನ್ನೊಂದ್ಸಲ ಬಂದು ನೋಡಿ, ಅಷ್ಟೇ," ಎಂದಿದ್ದಳು.

ಇವತ್ತು ವ್ಯಾನು ಮೂರು ಬೀದಿ ಆಚೆ ಇತ್ತು. ಮೊದಲು ಜೇಬಿಗೆ ಹಾಕಿಕೊಂಡದ್ದು ಮೀಟರನ್ನು.

ಮೇಲಿನ ಮನೆಗೆ ಬಿಸಿನೀರು ಒಯ್ಯುವ ಕೊಳವೆಯ ಮೇಲೆ ಅವನು ಕೈಯಿಟ್ಟ. ಕೈ ಇಡಲಾಗದಷ್ಟು ಬಿಸಿ. ನೀರು ಬಿಡುವ ವಾಲ್ವು ತೆರೆದೇ ಇದೆ. ಮೂರು ವಾಲ್ವುಗಳಲ್ಲಿ ಉಳಿದೆರಡು, ಕೆಳಮನೆಯದು ಮತ್ತು ನೆಲಮಾಳಿಗೆಯದು, ಮುಚ್ಚಿವೆ. ಹಿಂದಿನ ಎರಡು ಸಲ ಬಂದಾಗ ಕಾಯಿಲೆ ಅಡಗಿಕೊಂಡಿತ್ತು, ಇವತ್ತು ಕಣ್ಣೆದುರಿಗಿದೆ. ದಣಿವಿನ ನಡುವೆಯೂ ಅವನಿಗೆ ಸ್ವಲ್ಪ ಸಮಾಧಾನವಾಯಿತು.

"ಬೀಗದ ಕೈ ಕೊಡಿ. ನೀವೂ ಬನ್ನಿ."

ಮೇಲಿನ ಮನೆಯ ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಬಡಿಯಿತು. ಒಡೆಟ್ ತೋಳಿಲ್ಲದ ಅಂಗಿಯಲ್ಲಿದ್ದಳು, ಮಗು ಬರೀ ಲಂಗೋಟಿಯಲ್ಲಿ. ಅದರ ಕತ್ತು, ಕಂಕುಳೆಲ್ಲ ಕೆಂಪು ಬೆವರುಸಾಲೆ.

"ನೋಡಿ, ನೋಡಿ, ಸಮುದ್ರದ ದಂಡೇಲಿ ಇರೋ ಹಾಗಿದಾರೆ," ಎಂದಳು ಝುಲ್ಮಿರಾ. "ಬಟಾಣಿ ಚೀಲ ಎಲ್ಲಿ ಬಚ್ಚಿಟ್ಟೆ?"

"ಯಾವ ಬಟಾಣಿ, ತಿಯಾ?"

"ಫ್ರೀಜರ್ ಬಟಾಣಿ. ಪೆಟ್ಟಿಗೆ ಮೇಲೆ ಅದನ್ನ ಇಟ್ರೆ ಒಳಗಿರೋ ಮೆಷಿನ್ನಿಗೆ ಮನೆ ತಣ್ಣಗಿದೆ ಅನ್ಸತ್ತಂತೆ, ಬಿಸಿ ಬಿಡತ್ತಂತೆ. ನಂಗೇನೂ ಗೊತ್ತಿಲ್ಲ ಅನ್ಕೋಬೇಡ. ಚರ್ಚಲ್ಲಿ ಬೆಲ್ಮಿರಾ ಹೇಳಿದ್ಲು, ಅವಳ ಬಾಡಿಗೆಯೋರೂ ಅದನ್ನೇ ಮಾಡಿದ್ರಂತೆ."

"ನಮ್ಮ ಮನೇಲಿ ಯಾರೂ ಬಟಾಣಿ ತಿನ್ನಲ್ಲ ತಿಯಾ. ನಿಮಗೇ ಗೊತ್ತು."

"ತಿನ್ನಕ್ಕಲ್ವಲ್ಲ ತಂದಿರೋದು!"

ಉರ್ಬಾನು ಈ ಮಾತಿಗೆ ಸೇರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಚರ್ಚಿನ ಎರಡು ಕ್ಯಾಲೆಂಡರುಗಳು ತೂಗುತ್ತಿದ್ದವು, ಹೊಸದರ ಕೆಳಗೆ ಹಳೆಯದು. ಬಿಸಿ ನಿಲ್ಲದ ದಿನಗಳಿಗೆ ಒಡೆಟ್ ಕೆಂಪು ಗುರುತು ಹಾಕಿದ್ದಳು. ಡಿಸೆಂಬರ್ ಒಂಬತ್ತರಿಂದ ಹನ್ನೊಂದು. ಡಿಸೆಂಬರ್ ಮೂವತ್ತರಿಂದ ಜನವರಿ ಒಂದು. ಜನವರಿ ಹದಿಮೂರರಿಂದ ಇವತ್ತಿನವರೆಗೆ.

"ಮೂರೂ ಸಲ ಶುರುವಾಗಿದ್ದು ಶನಿವಾರ," ಎಂದ.

"ಶನಿವಾರ ಇವಳ ಗಂಡ ಮನೇಲಿರ್ತಾನೆ," ಝುಲ್ಮಿರಾ ತಕ್ಷಣ ಹೇಳಿದಳು. "ಚಳಿಗಾಲದಲ್ಲೂ ಬನಿಯನ್‌ನಲ್ಲಿ ಓಡಾಡ್ಬೇಕು ಮಹಾರಾಜನಿಗೆ."

ಒಡೆಟ್ ದನಿ ಮೊದಲ ಸಲ ಏರಿತು. "ಆ ಮೂರು ಶನಿವಾರಾನೂ ನಾವಿಬ್ರೂ ಕೆಳಗೇ ಇದ್ವಲ್ಲ ತಿಯಾ, ನಿಮ್ಮ ಅಡುಗೆಮನೇಲಿ, ಹಂದಿ ಕರುಳಿಗೆ ನಿಮ್ಮ ಶೊರೀಸು ಮಾಂಸ ತುಂಬ್ತಾ! ಕರುಳು ತೊಳೆದಿದ್ದು ಅವರು, ದಾರ ಕಟ್ಟಿದ್ದು ನಾನು. ಕೈಯಿಂದ ಬೆಳ್ಳುಳ್ಳಿ ವಾಸನೆ ಇನ್ನೂ ಹೋಗಿಲ್ಲ."

ಆ ಮಾತು ನಿಜವಿತ್ತು.

ಉರ್ಬಾನು ಪೆಟ್ಟಿಗೆಯ ಬೀಗ ತೆಗೆದು ಥರ್ಮೋಸ್ಟಾಟನ್ನು ಗೋಡೆಯಿಂದ ಕಳಚಿದ. ಅದರ ಹಿಂದೆ ಎರಡು ಸಣ್ಣ ತಂತಿಗಳು, ಒಂದು ಕೆಂಪು, ಒಂದು ಬಿಳಿ. ಇವೆರಡೂ ಒಂದನ್ನೊಂದು ಮುಟ್ಟಿದರೆ ಕೆಳಗೆ ವಾಲ್ವು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಥರ್ಮೋಸ್ಟಾಟ್ ಮಾಡುವ ಕೆಲಸ ಅಷ್ಟೇ. ಸ್ಕ್ರೂ ಸಡಿಲಿಸಿ ಎರಡನ್ನೂ ಬಿಡಿಸಿದ.

"ಮಗೂನ ತಿಯಾ ಕೈಗೆ ಕೊಡಮ್ಮ. ಇದೊಂದು ಈ ಕೈಲಿ, ಅದೊಂದು ಆ ಕೈಲಿ ಹಿಡ್ಕೊ. ಒಂದಕ್ಕೊಂದು ತಾಗಬಾರದು. ಹೆದರ್ಬೇಡ, ಇಪ್ಪತ್ನಾಲ್ಕು ವೋಲ್ಟು, ಕೈಗೆ ಗೊತ್ತೂ ಆಗಲ್ಲ. ದೋನಾ ಝುಲ್ಮಿರಾ, ನೀವು ಇವಳ ಕೈ ಬಿಟ್ಟು ಬೇರೇನೂ ನೋಡ್ಬೇಡಿ. ತಂತಿ ತಾಗಿದ್ರೆ ಕೂಗಿ."

ಎರಡು ಮಹಡಿ ಇಳಿದ. ಪ್ರತಿ ಮೆಟ್ಟಿಲಿಗೂ ಬಲಮಂಡಿ ಒಂದು ಮಾತು ಹೇಳಿತು. ಬಾಯ್ಲರ್ ಪಕ್ಕದ ಸ್ಟೂಲಿನ ಮೇಲೆ ಕೂತು, ಗಡಿಯಾರ ನೋಡುತ್ತ ನಾಲ್ಕು ನಿಮಿಷ ಕಾದ. ಮುಚ್ಚಿಕೊಳ್ಳಲು ಆ ವಾಲ್ವಿಗೆ ಒಂದು ನಿಮಿಷ ಸಾಕು. ಕೊಳವೆ ಮೇಲೇರುವ ಸಂದಿಯಿಂದ ಇಬ್ಬರ ಮಾತೂ ಕೇಳುತ್ತಿತ್ತು.

"ಕೈ ಯಾಕೆ ಇಳಿಬಿಡ್ತಿದೀಯ?"

"ರಾತ್ರಿಯೆಲ್ಲ ಮಗೂನ ಎತ್ಕೊಂಡಿದ್ದೆ ತಿಯಾ. ಮೈ ಉರಿ ಅದಕ್ಕೆ, ಮಲಗ್ತಿಲ್ಲ."

"ಬೆನ್ನೆಲ್ಲ ಎದ್ದಿದೆಯಲ್ಲೇ ಇದಕ್ಕೆ. ಏನ್ ಹಚ್ಚಿದೆ?"

"ಮೆಕ್ಕೆಜೋಳದ ಹಿಟ್ಟು."

"ಹಿಟ್ಟು ಹಚ್ಚಿ ಮಗೂನ ಒಲೇಲಿ ಇಟ್ರೆ ರೊಟ್ಟಿ ಆಗತ್ತೆ. ಅಯ್ಯೋ ದೇವರೇ... ಕೈ ಮೇಲೆತ್ತು, ತಾಗೋ ಹಾಗಿದೆ."

"ತಾಗಿಲ್ಲ ತಿಯಾ."

"ತಾಗಿಲ್ಲ ಸೆನ್ಯೋರ್ ಉರ್ಬಾನು!" ಝುಲ್ಮಿರಾ ಕೂಗಿದಳು. "ನಾನು ನೋಡ್ತಾನೇ ಇದೀನಿ!"

ವಾಲ್ವು ತೆರೆದೇ ಇತ್ತು. ಥರ್ಮೋಸ್ಟಾಟೇ ಇಲ್ಲದ ಗೋಡೆಯಿಂದ ಬಿಸಿಗಾಗಿ ಕರೆ ಬರುತ್ತಿತ್ತು.

ಮುಂದಿನದನ್ನು ಅವನು ಸಂಜೆ ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಮಾಡಿದ. ಸಾವ್ ಮಿಗೆಲ್ ದ್ವೀಪದಿಂದ ತಾಯಿಯ ಜೊತೆ ಹಡಗು ಹತ್ತಿ ಈ ದೇಶಕ್ಕೆ ಬಂದಾಗ ಅವನಿಗೆ ಹದಿಮೂರು. ಹಗಲು ಬಟ್ಟೆಗಿರಣಿಯಲ್ಲಿ ದಾರದುಂಡೆ ಹೊರುತ್ತಿದ್ದ, ಸಂಜೆ ತಂತಿಯ ವಿದ್ಯೆ ಕಲಿಯುತ್ತಿದ್ದ. ಅಲ್ಲಿನ ಮೇಷ್ಟ್ರು ಐರಿಷ್ ಮುದುಕ. ಅನುಮಾನವಿರುವ ತಂತಿಯನ್ನು ಎರಡೂ ಕಡೆ ಬಿಚ್ಚದೆ ಅದರ ಬಗ್ಗೆ ಬಾಯಿ ಬಿಡಕೂಡದು ಎನ್ನುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಉರ್ಬಾನು ಆ ಮಾತನ್ನು ಮೀರಿದ್ದು ಕಡಿಮೆ. ಮೀರಿದ ದಿನಗಳಲ್ಲಿ ಜನವರಿ ಎರಡೂ ಒಂದು.

ವಾಲ್ವಿನ ಬಳಿ ಆ ಜೋಡಿ ತಂತಿಯ ತುದಿಯನ್ನು ಬಿಚ್ಚಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಣ್ಣಗೆ ಕಿರ್ರೆಂದು ವಾಲ್ವು ಮುಚ್ಚಿಕೊಂಡಿತು, ಬಾಯ್ಲರ್ ಉರಿ ಆರಿತು. ಅಂದರೆ ವಾಲ್ವು ಸರಿ ಇದೆ. ಅವನು ಹದಿನೈದು ದಿನದ ಹಿಂದೆ ತೆಗೆದ ಹಳೆಯ ಮೋಟಾರೂ ಸರಿಯೇ ಇದ್ದಿರಬೇಕು. ಡಿಸೆಂಬರಿನಲ್ಲಿ ತೆಗೆದ ಥರ್ಮೋಸ್ಟಾಟೂ ಸರಿಯೇ.

ಈಗ ತಂತಿಯ ಎರಡು ತುದಿಗಳೂ ಯಾವುದಕ್ಕೂ ಸೇರಿಲ್ಲ. ಮೀಟರಿನ ಎರಡು ಮೊನೆಗಳನ್ನು ಎರಡು ಎಳೆಗಳಿಗೆ ಇಟ್ಟ. ಎಳೆಗಳ ನಡುವೆ ದಾರಿ ಇಲ್ಲದಿದ್ದರೆ ಮೀಟರ್ ಯಾವ ಅಂಕಿಯನ್ನೂ ತೋರಿಸಬಾರದು. ಅದು ಎರಡು ಓಮ್ ತೋರಿಸಿತು. ದಾರಿಯ ಮಧ್ಯೆ ಎಲ್ಲೋ ಎರಡೂ ಎಳೆಗಳು ತಾಗಿಕೊಂಡಿವೆ.

ಆ ತಂತಿ ತೊಲೆಯ ಮಗ್ಗುಲಿನಲ್ಲಿ ಓಡುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಬಳಿದ ಬಿಳಿ ಬಣ್ಣ ತೊಲೆಯನ್ನೂ ತಂತಿಯನ್ನೂ ಒಂದೇ ಮಾಡಿಬಿಟ್ಟಿತ್ತು. ಉರ್ಬಾನು ಬೆರಳ ತುದಿಯಿಂದ ಅದರ ಉಬ್ಬನ್ನು ಹಿಡಿದು ನಡೆದ. ಒಲೆ ದಾಟಿ, ಫೋಟೊ ದಾಟಿ, ಅಂಗಳದ ಬಾಗಿಲ ಪಕ್ಕದ ತಣ್ಣನೆಯ ಮೂಲೆಗೆ ಬಂದ. ಬೆರಳು ಒಂದು ಮೊಳೆಗೆ ತಡೆಯಿತು.

ದಪ್ಪನೆಯ ಹೊಸ ಮೊಳೆ, ಬಣ್ಣ ತಾಗಿರಲಿಲ್ಲ. ಮೂರಡಿ ಆಚೆ ಪಕ್ಕದ ತೊಲೆಗೆ ಅಂಥದ್ದೇ ಇನ್ನೊಂದು. ಎರಡರ ಮೇಲೂ ಒಂದು ಪೊರಕೆ ಕೋಲು, ಕೋಲಿನ ತುಂಬ ಹಸಿ ಶೊರೀಸು. ಕೆಂಪು ಮೆಣಸಿನಕಾಯಿ, ವೈನು, ಬೆಳ್ಳುಳ್ಳಿಯಲ್ಲಿ ನೆನೆಸಿ ಕರುಳಿಗೆ ತುಂಬಿದ ಹಂದಿಮಾಂಸದ ದಪ್ಪ ಸರಗಳು, ಕೆಳಗಿಟ್ಟ ತಟ್ಟೆಗೆ ಕೆಂಪಗೆ ತೊಟ್ಟಿಕ್ಕುತ್ತಿದ್ದವು. ಭಾರಕ್ಕೆ ಮೊಳೆ ಒಂದು ಚೂರು ಕೆಳಕ್ಕೆ ವಾಲಿತ್ತು.

ಅವನು ಅಲ್ಲೇ ತಣ್ಣನೆಯ ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಇಬ್ಬರನ್ನೂ ಕೆಳಗೆ ಕರೆದ.

"ಈ ಮೊಳೆ ಯಾವಾಗ ಹೊಡೆದ್ರಿ?"

"ಡಿಸೆಂಬರ್‌ನಲ್ಲಿ," ಎಂದಳು ಝುಲ್ಮಿರಾ. ಮಗು ಇನ್ನೂ ಅವಳ ಸೊಂಟದಲ್ಲೇ ಇತ್ತು. "ಜೆರೆಮಿಯಾಸ್ ಹೊಡೆದಿದ್ದು ಅಗೋ, ಅಲ್ಲಿ ಮೇಲೆ. ನಂಗೆ ಎಟುಕಲ್ಲ. ಮೂವತ್ತು ವರ್ಷ ಅವನೇ ತೂಗಿ ಹಾಕ್ತಿದ್ದ. ಈ ವರ್ಷ ನಾನೇ ನಂಗೆ ಎಟುಕೋ ಕಡೆ ಹೊಡೆದೆ. ಯಾಕೆ?"

"ಹಾಕಿದ್ದನ್ನ ಯಾವಾಗ ತೆಗೀತೀರಿ?"

"ಶನಿವಾರ ಹಾಕ್ತೀವಿ, ಎರಡು ದಿನ ನೀರು ಸೋರತ್ತೆ, ಸೋಮವಾರ ಸಾಯಂಕಾಲ ಹಿತ್ತಲ ಶೆಡ್ಡಿಗೆ, ಹೊಗೆ ಹಾಕಕ್ಕೆ. ಈ ಸಲ ಶೆಡ್ಡಿನ ಬಾಗಿಲು ಹಿಮದಲ್ಲಿ ಹೂತುಹೋಗಿದೆ. ಇಲ್ಲೇ ಇದೆ, ನಾಲ್ಕು ದಿನ ಆಯ್ತು."

ಒಡೆಟ್ ಕ್ಯಾಲೆಂಡರನ್ನು ನೆನೆಸಿಕೊಂಡಳೆಂದು ಕಾಣುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದಳು.

ಉರ್ಬಾನು ಮೀಟರನ್ನು ಒಡೆಟ್ ಕೈಗೆ ಕೊಟ್ಟು, ಅದರ ಮೊನೆಗಳನ್ನು ತಂತಿಗೆ ಸಿಕ್ಕಿಸಿದ. ಮಗುವನ್ನು ತಾನು ಎತ್ತಿಕೊಂಡ. "ದೋನಾ ಝುಲ್ಮಿರಾ, ಆ ಕೋಲನ್ನ ಎರಡು ಕೈಲೂ ಸ್ವಲ್ಪ ಮೇಲಕ್ಕೆ ಎತ್ತಿ. ತೆಗೀಬೇಡಿ, ಎತ್ತಿ ಹಿಡೀರಿ ಸಾಕು."

ಆಕೆ ಎತ್ತಿದಳು.

"ಅಂಕಿ ಹೋಯ್ತು," ಎಂದಳು ಒಡೆಟ್.

"ಇಳಿಸಿ."

"ಎರಡು."

"ಎತ್ತಿ."

"ಹೋಯ್ತು."

ಝುಲ್ಮಿರಾ ಎರಡನೆಯ ಸಲ ತಾನಾಗಿಯೇ ಇಳಿಸಿದಳು, ಯಾರೂ ಹೇಳದೆ.

"ಎರಡು," ಎಂದಳು ಒಡೆಟ್, ಮೆಲ್ಲಗೆ.

ಝುಲ್ಮಿರಾ ಶೊರೀಸಿನ ಕಡೆ ನೋಡಿದಳು, ಮೊಳೆಯ ಕಡೆ ನೋಡಿದಳು. "ಅಂದ್ರೆ ನಾನು ಮೇಲೆ ಬೀಗ ಹಾಕಿ, ಇಲ್ಲಿ ಕೆಳಗೆ ನಾನೇ..."

"ಮೊಳೆ ತಂತಿಯ ಎರಡು ಎಳೆ ಮಧ್ಯೆ ಹೋಗಿದೆ. ಖಾಲಿ ಇದ್ದಾಗ ತಾಗಲ್ಲ. ಭಾರ ಬಿದ್ರೆ ವಾಲಿ ಎರಡಕ್ಕೂ ತಾಗತ್ತೆ. ನಿಮ್ಮ ಶೊರೀಸು ಒಳ್ಳೆ ತೂಕವಾಗಿದೆ."

"ಹಂದಿ ಸತ್ತ ಮೇಲೂ ನನ್ನ ಎಣ್ಣೆ ಕುಡೀತಲ್ಲಪ್ಪ!" ಎಂದಳು ಆಕೆ. ಒಡೆಟ್‌ಗೆ ನಗು ತಡೆಯಲಾಗಲಿಲ್ಲ. ಝುಲ್ಮಿರಾ ನಗಲಿಲ್ಲ. ಆ ಕೋಟಿನಲ್ಲಿ ಆಕೆ ಇದ್ದಕ್ಕಿದ್ದಂತೆ ಚಿಕ್ಕವಳಾಗಿ ಕಂಡಳು. "ನೀನು ಅವತ್ತು ಕಾಗದ ತಗೊಂಡು ಏನೂ ಅನ್ಲಿಲ್ಲ. ಸುಮ್ನೆ ಶೊರೀಸು ಕಟ್ಟೋ ದಾರದುಂಡೆ ತಂದು, ಕಾಗದದ ಸಮೇತ ಈ ಮೇಜಿನ ಮೇಲೆ ಇಟ್ಟು ಹೋದೆ. 'ಇದು ನಿಮ್ಮದು ತಿಯಾ' ಅಂದೆ. ಅಷ್ಟು ಬಿಗುಮಾನ ಯಾಕೆ? ಬೈದಿದ್ರೆ ನಂಗೂ ಸುಲಭ ಆಗ್ತಿತ್ತು."

"ಬೈಯೋದಕ್ಕೆ ಶಕ್ತಿ ಇರ್ಲಿಲ್ಲ ತಿಯಾ."

ಉರ್ಬಾನು ಮೊಳೆ ಕಿತ್ತ. ತೂತುಬಿದ್ದ ತಂತಿಯನ್ನು ಹಾಗೇ ಬಿಟ್ಟು, ಬಾಯ್ಲರಿನಿಂದ ಮೇಲಿನ ಮನೆಯವರೆಗೆ ಬೇರೆ ತೊಲೆಯ ಗುಂಟ ಹೊಸದೊಂದನ್ನು ಎಳೆದ. ಅದಕ್ಕೆ ಎರಡು ಗಂಟೆ ಹಿಡಿಯಿತು. ಥರ್ಮೋಸ್ಟಾಟನ್ನು ಮತ್ತೆ ಗೋಡೆಗೆ ಸೇರಿಸಿದ, ಪೆಟ್ಟಿಗೆಯನ್ನು ಸೇರಿಸಲಿಲ್ಲ. ಅರವತ್ತೆಂಟಕ್ಕೆ ಇಟ್ಟ. ಆಗ ಕೋಣೆ ಇನ್ನೂ ಎಪ್ಪತ್ತೊಂಬತ್ತು ಇತ್ತು. ಒಡೆಟ್ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಶೊರೀಸಿನ ಕೋಲಿಗೆ ಅವನು ಕಲ್ಲಿನ ಗೋಡೆಯಲ್ಲಿ, ಝುಲ್ಮಿರಾಳ ಕೈಗೆ ಎಟುಕುವ ಎತ್ತರದಲ್ಲಿ, ಎರಡು ಕೊಕ್ಕೆ ಕೂರಿಸಿಕೊಟ್ಟ. ಕೊನೆಗೆ ಬಾಯ್ಲರ್ ಮುಂದೆ ಮತ್ತೆ ಮಂಡಿಯೂರಿ, "ಕೆಳಗೆ ತೊಂದರೆ ಇಲ್ಲ" ಎಂಬ ಮೂರು ಪದದ ಮೇಲೆ ಗೆರೆ ಎಳೆದ. ಅಳಿಸಲಿಲ್ಲ; ಓದಲು ಬರುವ ಹಾಗೆ ಎಳೆದ. ಅದರ ಕೆಳಗೆ ಬರೆದ: ಅಳೆಯದೆ ಬರೆದದ್ದು. ಜನವರಿ ೧೭. ತಂತಿಯಲ್ಲಿ ಮೊಳೆ. ಹೊಸ ತಂತಿ.

ಎದ್ದ, ಮೂರು ಹಂತದಲ್ಲಿ.

ಅಷ್ಟರಲ್ಲಿ ನೆಲಮಾಳಿಗೆಯ ತುಂಬ ಶೊರೀಸು ಹುರಿಯುವ ವಾಸನೆ. "ಕೂತ್ಕೊಳಿ," ಎಂದಳು ಝುಲ್ಮಿರಾ. "ತಪ್ಪು ಮಾಡಿದವನನ್ನ ತಿಂದೇ ಹೋಗ್ಬೇಕು." ಬಾಣಲೆಯಿಂದ ತುಂಡುಗಳನ್ನು ತೆಗೆದು, ಎಣ್ಣೆ ಹೀರಲೆಂದು ತಟ್ಟೆಯಲ್ಲಿ ಮಡಚಿಟ್ಟಿದ್ದ ಕಾಗದದ ಮೇಲೆ ಹರಡಿದಳು. ಆ ಕಾಗದ ಯಾವುದೆಂದು ಒಡೆಟ್‌ಗೆ ಮೊದಲು ತಿಳಿಯಿತು, ಆಮೇಲೆ ಉರ್ಬಾನುಗೆ. ತಿಂಗಳ ಕೊನೆಯ ತಾರೀಖು ಕೆಂಪು ಜಿಡ್ಡಿನಲ್ಲಿ ನಿಧಾನವಾಗಿ ಮುಳುಗುತ್ತಿತ್ತು. ಮಗು ಝುಲ್ಮಿರಾಳ ಹೆಗಲ ಮೇಲೆ, ಬಿಚ್ಚಿದ ಕೋಟಿನ ಮಡಿಕೆಯಲ್ಲಿ, ನಿದ್ದೆಹೋಗಿತ್ತು.

ಮೊಟ್ಟೆ, ಬ್ರೆಡ್ಡು, ಶೊರೀಸು. ಉರ್ಬಾನು ತಿಂದ. ಇನ್ನೂ ನಾಲ್ಕು ಮನೆಗಳಿದ್ದವು. ವ್ಯಾನಿನವರೆಗೆ ಮೂರು ಬೀದಿ ನಡೆಯಬೇಕಿತ್ತು.

"ಸೆನ್ಯೋರ್ ಉರ್ಬಾನು," ಎಂದಳು ಒಡೆಟ್. ದನಿಯಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು. "ಹೋದ ಸಲ ತಿಯಾ ನಿಮ್ಮನ್ನ ಕೇಳಿದ್ರಂತಲ್ಲ, ನೂರಕ್ಕೆ ಎಷ್ಟು ಖಾತ್ರಿ ಅಂತ. ನಂಗೆ ಎಷ್ಟು ಅಂತ ಅವರು ಹೇಳೇ ಇಲ್ಲ. ನೀವು ಎಷ್ಟು ಅಂದಿದ್ರಿ?"

ಝುಲ್ಮಿರಾ ಬೆನ್ನು ತಿರುಗಿಸಿ ಒಲೆಯ ಕಡೆ ನಿಂತಳು. ಅವನು ನೆನಪಿಲ್ಲ ಅಂದರೂ, ಒಂದಿಷ್ಟು ಇಳಿಸಿ ಹೇಳಿದರೂ ತಾನು ಅಡ್ಡ ಬರುವುದಿಲ್ಲ ಎನ್ನುವ ಹಾಗೆ. ಉರ್ಬಾನು ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟು, ಒಡೆಟ್ ಮುಖ ನೋಡಿ ಹೇಳಿದ:

"ತೊಂಬತ್ತೊಂಬತ್ತು."